ಹುಳು ಬಿದ್ದ ಹುಣ್ಣಿಗೆ ಶಕ್ತಿ ಬಾಟಲಿಯೋ, ಹುರುಳಿಕಾಳೋ?



ಕಾಲಿನ ಹುಣ್ಣಿಗೆ ಹುಳು ಬಿದ್ದು ವಾರ್ಡಿಗೆ ಸೇರಿದವರ ಮನೆಯವರು ಎರಡನೆಯ ದಿನವೋ ಮೂರನೆಯ ದಿನವೋ ತಪ್ಪದೆ ಕೇಳುವ ಮಾತೊಂದಿದೆ. "ಸಿಸ್ಟರ್, ಇವರಿಗೆ ಒಂದು ಶಕ್ತಿ ಬಾಟಲಿ ಹಾಕ್ಸಿ, ಗಾಯ ಬೇಗ ಮಾಯಲಿ." ಇನ್ನು ಕೆಲವರು ಔಷಧಿ ಅಂಗಡಿಯಿಂದ ದುಬಾರಿ ಪುಡಿಯ ಡಬ್ಬಿಯನ್ನೇ ತಂದು ತೋರಿಸುತ್ತಾರೆ. ಅದರ ಮೇಲೆ ಅರ್ಜಿನೈನ್, ಗ್ಲುಟಮಿನ್ ಎಂದು ಬರೆದಿರುತ್ತದೆ. ಬಾಟಲಿಯಲ್ಲಿರುವುದೂ ಪುಡಿಯಲ್ಲಿರುವುದೂ ಅಮೈನೋ ಆಮ್ಲಗಳೇ. ಆದರೆ ಅದೇ ಮನೆಯವರು ತಂದ ಊಟದ ಕ್ಯಾರಿಯರ್ ತೆಗೆದು ನೋಡಿದರೆ ಬಿಳಿ ಅನ್ನ, ಮೆಣಸಿನ ಸಾರು, ಅಷ್ಟೆ. ಏಕೆಂದು ಕೇಳಿದರೆ, "ಬೇಳೆ ಕೊಟ್ಟರೆ ಕೀವಾಗುತ್ತೆ, ಹುರುಳಿ ಉಷ್ಣ" ಎನ್ನುತ್ತಾರೆ. ಈ ಪಾಠ ಬರೆಯಲು ಆ ಕ್ಯಾರಿಯರೇ ಕಾರಣ.

ಅಮೈನೋ ಆಮ್ಲ ಎಂದರೇನು? ನಾವು ತಿನ್ನುವ ಕಾಳು, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗಿ ಸಣ್ಣ ಸಣ್ಣ ಘಟಕಗಳಾಗುತ್ತದೆ. ಆ ಘಟಕಗಳೇ ಅಮೈನೋ ಆಮ್ಲಗಳು. ನಮ್ಮ ದೇಹದ ಪ್ರೋಟೀನುಗಳಲ್ಲಿ ಇವು 20 ಬಗೆ. ಅವುಗಳಲ್ಲಿ 9 ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ, ಊಟದಿಂದಲೇ ಬರಬೇಕು. ಗಾಯವಾದ ಕಡೆ ಹೊಸ ಮಾಂಸ ಕಟ್ಟುವ ಕೊಲಾಜೆನ್ ಎಂಬ ನಾರು ಕೂಡ ಇವುಗಳಿಂದಲೇ ಆಗುವುದು. ಅರ್ಜಿನೈನ್ ರಕ್ತನಾಳಗಳನ್ನು ಸಡಿಲಿಸಿ ಗಾಯಕ್ಕೆ ರಕ್ತ ಹರಿಯಲು ನೆರವಾಗುತ್ತದೆ, ಕೊಲಾಜೆನ್ ತಯಾರಿಗೂ ಬಳಕೆಯಾಗುತ್ತದೆ. ಗ್ಲುಟಮಿನ್ ರೋಗನಿರೋಧಕ ಕಣಗಳಿಗೆ ಇಂಧನ.

ಮಳೆಗೆ ಕುಸಿದ ಗೋಡೆಗೆ ಇಟ್ಟಿಗೆ ಹೇಗೋ ಗಾಯಕ್ಕೆ ಇವು ಹಾಗೆ. ಆದರೆ ಗೋಡೆಯ ಬುಡದಲ್ಲಿ ಹೆಗ್ಗಣ ಇನ್ನೂ ತೋಡುತ್ತಿರುವಾಗ ಮೇಲೆ ಇಟ್ಟಿಗೆ ಜೋಡಿಸಿ ಫಲವಿಲ್ಲ. ಆದ್ದರಿಂದ ಮೊದಲು ಹೆಗ್ಗಣದ ವಿಷಯ.

ತೆರೆದ ಗಾಯದ ವಾಸನೆಗೆ ನೊಣ ಬಂದು ಅಂಚಿನಲ್ಲಿ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಅವು ಒಡೆದು ಹುಳುಗಳಾಗುತ್ತವೆ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣವಾದ ಕ್ರೈಸೋಮಿಯ ಬೆಝಿಯಾನ ಎಂಬ ನೊಣದ ಹುಳು ಸತ್ತ ಮಾಂಸವನ್ನಲ್ಲ, ಜೀವಂತ ಮಾಂಸವನ್ನೇ ತಿಂದು ಒಳಕ್ಕೆ ಇಳಿಯುತ್ತದೆ. ಸುಮಾರು ಒಂದು ವಾರ ತಿಂದು ಕೊಬ್ಬಿ, ನೆಲಕ್ಕೆ ಉದುರಿ ಮತ್ತೆ ನೊಣವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದು ತಿಳಿಯುವುದೇ ಇಲ್ಲ. ಇದೇ ನೊಣ ದನಗಳ ಗಾಯಕ್ಕೂ ಮುತ್ತುತ್ತದೆ. ಕೊಟ್ಟಿಗೆಯ ಪಕ್ಕ ಮಲಗುವ ಹಿರಿಯರ ಗಾಯವನ್ನು ಮುಚ್ಚಿಡಬೇಕು, ದನದ ಗಾಯಕ್ಕೂ ಪಶುವೈದ್ಯರಿಂದ ಔಷಧಿ ಮಾಡಿಸಬೇಕು.

ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪಿನ ಸೀಮೆಯಾದ್ದರಿಂದ ಹುಳು ಸಾಯಲೆಂದು ಗಾಯಕ್ಕೆ ಹೊಗೆಸೊಪ್ಪಿನ ಪುಡಿ ತುಂಬುವವರಿದ್ದಾರೆ. ಸೊಪ್ಪು ಮುರಿಯುವಾಗ ಕೈಗೆ ಹತ್ತಿದ ರಸದಿಂದಲೇ ತಲೆಸುತ್ತು, ವಾಂತಿ ಬರುವುದನ್ನು ನೀವೇ ಕಂಡಿದ್ದೀರಿ. ತೆರೆದ ಗಾಯದಿಂದ ನಿಕೋಟಿನ್ ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ, ಅಪಾಯ. ಫಿನಾಯಿಲ್, ಸೀಮೆಎಣ್ಣೆ, ಸುಣ್ಣ, ನುಸಿಗುಳಿಗೆ ಇವೂ ಬೇಡ, ಹುಳುವಿನ ಜೊತೆ ಹೊಸ ಮಾಂಸವೂ ಸುಡುತ್ತದೆ. ಆಸ್ಪತ್ರೆಯಲ್ಲಿ ಟರ್ಪೆಂಟೈನ್ ಎಣ್ಣೆಯ ಬಟ್ಟೆ ಇಟ್ಟಾಗ ಉಸಿರುಗಟ್ಟಿದ ಹುಳುಗಳು ಮೇಲೆ ಬರುತ್ತವೆ, ಚಿಮಟಿಗೆಯಿಂದ ಒಂದೊಂದಾಗಿ ತೆಗೆದು ಗಾಯ ತೊಳೆಯುತ್ತೇವೆ. ಅಗತ್ಯವಿದ್ದರೆ ವೈದ್ಯರು ಐವರ್ಮೆಕ್ಟಿನ್ ಮಾತ್ರೆ, ಧನುರ್ವಾಯು ಚುಚ್ಚುಮದ್ದು ಕೊಡುತ್ತಾರೆ.

ಇದು ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾತನವರ ಹಿಮ್ಮಡಿಯಿಂದ ಮೂವತ್ತು ಹುಳು ತೆಗೆದು, "ಎಲ್ಲ ಮುಗಿಯಿತು" ಎಂದು ಬ್ಯಾಂಡೇಜು ಕಟ್ಟಿ ಅವರ ಮಗಳಿಗೂ ಧೈರ್ಯ ಹೇಳಿದ್ದೆ. ಮರುದಿನ ಬಿಚ್ಚಿದರೆ ಒಳಗಿನಿಂದ ಇನ್ನಷ್ಟು ಬಂದವು. ಆ ಹೆಣ್ಣುಮಗಳ ಮುಖ ಇಂದಿಗೂ ನೆನಪಿದೆ. ಈಗ ನಾನು ಹಾಗೆ ಮಾತು ಕೊಡುವುದಿಲ್ಲ. ಮೂರು ನಾಲ್ಕು ದಿನ ಸತತವಾಗಿ ನೋಡಬೇಕು.

ಕೆಲವರು, "ಹುಳು ಕೀವು ತಿಂದು ಗಾಯ ಶುಚಿ ಮಾಡುತ್ತದಂತೆ, ಇರಲಿ ಬಿಡಿ" ಎಂದು ವಾದಿಸುವುದುಂಟು. ಅದು ಬೇರೆ ಜಾತಿಯ ನೊಣ. ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿದ ಅಂತಹ ಹುಳುಗಳ ಬಳಕೆಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಕೊಟ್ಟಿಗೆಯ ಹುಳುವಿಗೆ ಆ ಲೆಕ್ಕ ಸಲ್ಲದು.

ಕಜ್ಜಿಯೂ ಪರೋಪಜೀವಿಯ ರೋಗವೇ. ಕಣ್ಣಿಗೆ ಕಾಣದ ನುಸಿ ಚರ್ಮದಲ್ಲಿ ಸುರಂಗ ಕೊರೆಯುತ್ತದೆ, ಕೆರೆದ ಕಡೆ ಹುಣ್ಣಾಗುತ್ತದೆ. ಪರ್ಮೆಥ್ರಿನ್ ಮುಲಾಮನ್ನು ಮನೆಯ ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಪುಟ್ಟ ಕೂಸುಗಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳಿಯೇ ಹಚ್ಚಿರಿ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡ್ಡಿಗೆ ಸುತ್ತಿ ಹುಳುವನ್ನು ಪೂರ್ತಿ ಹೊರತೆಗೆಯುವವರೆಗೆ ಆ ಹುಣ್ಣು ಮಾಯುತ್ತಿರಲಿಲ್ಲ. 1996ರ ನಂತರ ದೇಶದಲ್ಲಿ ಆ ರೋಗ ಕಾಣಿಸಿಲ್ಲ, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು.

ಇನ್ನು ಪುಡಿಯ ಮಾತು. ಹಾಸಿಗೆ ಹುಣ್ಣಿನ ರೋಗಿಗಳಿಗೆ ಅರ್ಜಿನೈನ್, ಸತು ಸೇರಿದ ಆಹಾರ ಕೊಟ್ಟಾಗ ಕೆಲವು ಅಧ್ಯಯನಗಳಲ್ಲಿ ಅನುಕೂಲ ಕಂಡಿದೆ. ಪರೋಪಜೀವಿಯಿಂದಾದ ಹುಣ್ಣಿಗೆ ಅದೇ ಫಲವೆಂದು ಹೇಳಲು ಆಧಾರ ಸಾಲದು. ರಾಜಸ್ಥಾನದ ಬಿಕಾನೇರ್ ಕಡೆ ಮರಳು ನೊಣದಿಂದ ಹರಡುವ ಲೀಶ್ಮೇನಿಯಾ ಹುಣ್ಣಿನಲ್ಲಂತೂ ಆ ಜೀವಿಯೇ ತನ್ನ ಬೆಳವಣಿಗೆಗೆ ಅರ್ಜಿನೈನ್ ಬಳಸಿಕೊಳ್ಳುತ್ತದೆ. ಹುಳುವಿಗೂ ನುಸಿಗೂ ಔಷಧಿಯೇ ಔಷಧಿ.

ಬಾಟಲಿಯ ಲೆಕ್ಕ ನೋಡಿ. ಶೇ. 5ರ, 200 ಮಿ.ಲೀ. ಬಾಟಲಿಯಲ್ಲಿ ಇರುವುದು 10 ಗ್ರಾಂ ಅಮೈನೋ ಆಮ್ಲ. 50 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇದೆ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ತಿನ್ನುವವರಿಗೆ. ಬಾಯಿಂದ ಊಟ ಇಳಿಯದವರಿಗೆ, ಕರುಳು ಕೆಲಸ ಮಾಡದವರಿಗೆ ಬಾಟಲಿ ಬೇಕಾಗುತ್ತದೆ, ಆಗ ವೈದ್ಯರೇ ಬರೆಯುತ್ತಾರೆ. ಎದ್ದು ಕುಳಿತು ಉಣ್ಣಬಲ್ಲವರು ಅದನ್ನು ಬೇಡಿ ಹಾಕಿಸಿಕೊಳ್ಳುವುದು ಸಾಲದ ದುಡ್ಡು ಹಾಳು ಎಂಬುದು ನನ್ನ ಅಭಿಪ್ರಾಯ.

ಗಾಯವಿರುವ 50 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಎರಡು ಮುದ್ದೆಗೆ ಬೇಕಾದ 200 ಗ್ರಾಂ ರಾಗಿಹಿಟ್ಟಿನಲ್ಲಿ 14 ಗ್ರಾಂ, 100 ಗ್ರಾಂ ಅಕ್ಕಿಯಲ್ಲಿ 7, ಎರಡು ಹೊತ್ತಿಗೆ ಸೇರಿ 100 ಗ್ರಾಂ ಕಾಳು ಬೇಳೆಯಲ್ಲಿ 22, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಒಟ್ಟು 66. ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ. ಮುದ್ದೆಗೆ ಕಾಳಿನ ಸಾರು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅರ್ಜಿನೈನ್ ಕಡಲೆಕಾಯಿಯಲ್ಲೇ ಧಾರಾಳವಾಗಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯವರು 1950ರ ದಶಕದಲ್ಲೇ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಪ್ರೋಟೀನ್ ಆಹಾರ ತಯಾರಿಸಿದ್ದರು.

ಒಂದು ಎಚ್ಚರಿಕೆ. ಹುರುಳಿ ಬಸ್ಸಾರಿನ ಕಟ್ಟು ಮಾತ್ರ ಕುಡಿಸಿ ಕಾಳನ್ನು ಮನೆಮಂದಿ ತಿಂದರೆ ಪ್ರಯೋಜನವಿಲ್ಲ. ಪ್ರೋಟೀನ್ ಇರುವುದು ಕಾಳಿನಲ್ಲಿ. ಅಗಿಯಲಾಗದವರಿಗೆ ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ, ಮಸೆದು ಕೊಡಿ. ಬೇಳೆಯಿಂದ ಕೀವಾಗುವುದಿಲ್ಲ, ಕೀವಾಗುವುದು ರೋಗಾಣುವಿನಿಂದ. ಕೊಲಾಜೆನ್ ಗಟ್ಟಿಯಾಗಲು ಸಿ ಜೀವಸತ್ವವೂ ಬೇಕು, ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ಸಾಕು. ಬೀಡಿ ಬಿಡಿ, ಅದು ರಕ್ತನಾಳ ಬಿಗಿಸುತ್ತದೆ. ಸಕ್ಕರೆ ಕಾಯಿಲೆಯವರು ಮುದ್ದೆ ಅನ್ನದ ಅಳತೆಯನ್ನು ವೈದ್ಯರು ಹೇಳಿದಂತೆ ಇಟ್ಟುಕೊಂಡು ಕಾಳು ಹೆಚ್ಚಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕ ಅನುಸರಿಸಬೇಡಿ, ಪುಡಿಯನ್ನೂ ಮುಟ್ಟಬೇಡಿ, ವೈದ್ಯರನ್ನು ಕೇಳಿ.

ಮನೆಗೆ ಹೋದ ಮೇಲೆ ಗಾಯದಲ್ಲಿ ಹರಿದಾಡಿದಂತಾದರೆ, ಬ್ಯಾಂಡೇಜು ದುರ್ವಾಸನೆ ಬಂದರೆ, ರಕ್ತ ಜಿನುಗಿದರೆ, ಸುತ್ತ ಕೆಂಪೇರಿ ಜ್ವರ ಬಂದರೆ ಡ್ರೆಸ್ಸಿಂಗ್ ದಿನದವರೆಗೆ ಕಾಯದೆ ಅಂದೇ ಬನ್ನಿ. ಬರುವಾಗ ಡಬ್ಬಿ ಪುಡಿ ತಂದಿದ್ದರೆ ಅದನ್ನೂ ತನ್ನಿ, ಒಡೆಯದಿದ್ದರೆ ಅಂಗಡಿಗೆ ಹಿಂದಿರುಗಿಸಬಹುದು.