ಅಂಚೆಯಣ್ಣನಿಲ್ಲದ ಓಲೆ

1999ರ ಮಳೆಗಾಲದ ಒಂದು ಸಂಜೆ ನನ್ನ ಅಕ್ಕ ತೀರ್ಥಹಳ್ಳಿಯಿಂದ ಶಿವಮೊಗ್ಗೆಯ ನಮ್ಮ ಮನೆಗೆ ಬಂದಿಳಿದಳು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿದವಳೇ, “ತಮ್ಮಾ, ಹುಡುಗನ ಕಾಗದ ಬಂದಿದೆಯಂತಲ್ಲ, ಕೊಡು” ಎಂದಳು. ಅವಳ ಮಗ ಅಮೆರಿಕೆಗೆ ಓದಲು ಹೋಗಿ ಎರಡು ವರ್ಷಗಳಾಗಿದ್ದುವು. ಅಲ್ಲಿಂದ ಕಾಗದ ತಲುಪಲು ಹದಿನೈದು ದಿನಗಳಾದರೂ ಬೇಕಾಗಿತ್ತು. ದೂರವಾಣಿಯಲ್ಲಿ ಮಾತನಾಡಿದರೆ ನಿಮಿಷನಿಮಿಷಕ್ಕೂ ಹಣ ಕರಗುತ್ತಿತ್ತು. ಆದುದರಿಂದ ಅವನ ಸಲಹೆಯಂತೆ ನಾನು ಪೇಟೆಯ ಒಂದು ಸೈಬರ್ ಕೇಂದ್ರದಲ್ಲಿ ನನ್ನದೊಂದು ಇ-ಮೇಲ್ ವಿಳಾಸವನ್ನು ಮಾಡಿಸಿಕೊಂಡಿದ್ದೆನು. ಅಲ್ಲಿಗೆ ಅವನ ಮೊದಲ ಓಲೆ ಬಂದಿದೆಯೆಂದು ದೂರವಾಣಿಯಲ್ಲಿ ತಿಳಿದಿತ್ತು.

ಇಬ್ಬರೂ ಮಳೆಯಲ್ಲಿಯೇ ಹೋದೆವು. “ನೀನು ಓದಿ ಹೇಳುವುದು ಬೇಡ. ಕನ್ನಡದಲ್ಲಿ ಬರೆಯುತ್ತೇನೆಂದು ಹೇಳಿದ್ದಾನೆ. ನಾನೇ ಓದಿಕೊಳ್ಳುತ್ತೇನೆ” ಎಂದು ದಾರಿಯುದ್ದಕ್ಕೂ ಅಕ್ಕ ಹೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಕನ್ನಡವನ್ನು ಮಾತ್ರ ಸೊಗಸಾಗಿ ಓದಬಲ್ಲಳು. ಗಣಕಯಂತ್ರ ದೂರವಾಣಿಯ ತಂತಿಗೆ ಸಿಳ್ಳು ಹಾಕಿದಂತೆ, ಗಂಟಲು ಕೆರೆದಂತೆ ಸದ್ದು ಮಾಡಿ ಜಾಲವನ್ನು ಸೇರಿತು. ಓಲೆ ತೆರೆಯಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು! ಕೆಲವಕ್ಕೆ ತಲೆಯ ಮೇಲೆ ಚುಕ್ಕಿ, ಕೆಲವಕ್ಕೆ ಗೀಟು. ನಡುನಡುವೆ ನಾಣ್ಯದ ಗುರುತು, ಪ್ರಶ್ನೆಯ ಗುರುತು. ಒಂದು ಪದವೂ ಯಾವ ಭಾಷೆಯದೂ ಅಲ್ಲ. ಅಕ್ಕ ಕನ್ನಡಕವನ್ನು ಒರಸಿಕೊಂಡು ಮತ್ತೊಮ್ಮೆ ನೋಡಿದಳು. “ಇದು ಯಾವ ಲಿಪಿಯೋ ತಮ್ಮಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ತಿಳಿಯಬೇಕಾದರೆ ಗಣಕಯಂತ್ರದ ಮುಂದೆ ಕುಳಿತು ಓಲೆ ಬರೆಯುವಾಗ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ನಿಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಂದೇಶ ಕಳುಹಿಸಬಲ್ಲಿರಿ. ಆದರೂ ಮೇಜಿನ ಮೇಲಿನ ಗಣಕದ ಮುಂದೆ ಒಮ್ಮೆ ನಿಧಾನವಾಗಿ ಕುಳಿತು ಕಲಿತರೆ ಒಳಗಿನ ವ್ಯವಹಾರ ಚೆನ್ನಾಗಿ ತಿಳಿಯುತ್ತದೆ.

ಮೊದಲು ಬೇಕಾದುದು ವಿಳಾಸ. ಅದರಲ್ಲಿ ಎರಡು ಭಾಗಗಳು. ಎಡಗಡೆ ನಿಮ್ಮ ಹೆಸರು. ಬಲಗಡೆ ನಿಮ್ಮ ಓಲೆಗಳನ್ನು ಇಟ್ಟುಕೊಂಡಿರುವ ದೊಡ್ಡ ಗಣಕದ, ಎಂದರೆ ಸರ್ವರಿನ ಹೆಸರು. ನಡುವೆ, ಬಾಲವನ್ನು ತನ್ನ ಸುತ್ತ ಸುತ್ತಿಕೊಂಡ ‘ಎ’ ಅಕ್ಷರದಂತಹ @ ಚಿಹ್ನೆ. ಇದನ್ನು ಈ ಕೆಲಸಕ್ಕೆ ಆರಿಸಿದವರು ಅಮೆರಿಕೆಯ ಇಂಜಿನಿಯರ್ ರೇ ಟಾಮ್ಲಿನ್‌ಸನ್. 1971ರಲ್ಲಿ ಅವರು ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಗಣಕಗಳ ನಡುವೆ, ಅರ್ಪಾನೆಟ್ ಎಂಬ ಜಾಲದ ಮೂಲಕ, ಮೊದಲ ಓಲೆಯನ್ನು ಕಳುಹಿಸಿದರು. ಆ ಓಲೆಯಲ್ಲಿ ಏನು ಬರೆದಿದ್ದೆನೆಂಬುದು ಅವರಿಗೇ ಮರೆತುಹೋಯಿತು. ಯಾರ ಹೆಸರಿನಲ್ಲಿಯೂ ಬಾರದ ಚಿಹ್ನೆ ಬೇಕಾಗಿತ್ತು; ಕೀಲಿಮಣೆಯಲ್ಲಿ ಅದುವರೆಗೆ ಅಷ್ಟಾಗಿ ಕೆಲಸವಿಲ್ಲದೆ ಕುಳಿತಿದ್ದ ಇದು ಒದಗಿತು.

ವಿಳಾಸದ ಜೊತೆಗೆ ಗುಪ್ತಪದವೊಂದು ಬೇಕು. ಇದು ಮನೆಯ ಬೀಗದ ಕೈ ಇದ್ದಂತೆ. ಹುಟ್ಟಿದ ದಿನ, ಊರಿನ ಹೆಸರು ಮೊದಲಾದುವು ಯಾರೂ ಊಹಿಸಬಹುದಾದ ಬೀಗದ ಕೈಗಳು. ಉದ್ದವಾಗಿಯೂ ನಿಮಗೆ ಮಾತ್ರ ಅರ್ಥವಾಗುವಂತೆಯೂ ಇರಲಿ. ಹತ್ತು ಜನ ಬಂದು ಹೋಗುವ ಗಣಕವಾದರೆ ಏಳುವ ಮೊದಲು ‘ಲಾಗ್‌ಔಟ್’ ಮಾಡಿ ಹೊರಗೆ ಬರಬೇಕು. ನಾನು ಮೊದಲ ದಿನವೇ ಹಾಗೆ ಮಾಡದೆ ಎದ್ದು ಬಂದೆ. ಕೇಂದ್ರದ ಹುಡುಗ ಬೀದಿಯವರೆಗೆ ಓಡಿಬಂದು, “ಮೇಷ್ಟ್ರೇ, ಬಾಗಿಲು ತೆರೆದಿಟ್ಟು ಬಂದಿದ್ದೀರಿ” ಎಂದು ಕರೆದನು. ಯಾವ ಬಾಗಿಲೆಂದು ನಾನು ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದೆನು!

ಇನ್ನು ಬರವಣಿಗೆ. ‘ಗೆ’ ಎಂಬಲ್ಲಿ ಪಡೆಯುವವರ ವಿಳಾಸ, ಅದರ ಕೆಳಗೆ ವಿಷಯ, ಅನಂತರ ಓಲೆ. ವಿಳಾಸದಲ್ಲಿ ಒಂದು ಚುಕ್ಕಿ ತಪ್ಪಿದರೂ ಓಲೆ ಹೋಗದು, ಇಲ್ಲವೇ ಬೇರೆಯವರ ಪಾಲಾದೀತು. ಅಂಚೆಯಣ್ಣನಾದರೆ ಮನೆಯ ಸಂಖ್ಯೆ ತಪ್ಪಿದ್ದರೂ ಹೆಸರು ನೋಡಿ ತಂದುಕೊಡುತ್ತಿದ್ದನು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ‘ಕಳುಹಿಸು’ ಎಂಬ ಗುಂಡಿಯ ಮೇಲೆ ಮೌಸನ್ನು ಒತ್ತಿದ ಮೇಲೆ, ಕೆಲವು ಕಡೆ ಕೆಲವೇ ಸೆಕೆಂಡುಗಳ ಅವಕಾಶವಿರುವುದನ್ನು ಬಿಟ್ಟರೆ, ಓಲೆಯನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ.

ಒತ್ತಿದ ಕೂಡಲೇ ನಡೆಯುವುದು ಒಂದು ಸಂಭಾಷಣೆ. ಇದರ ಕ್ರಮವನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದಿಟ್ಟರು. ಕಳುಹಿಸುವ ಗಣಕ ಪಡೆಯುವ ಗಣಕಕ್ಕೆ ಮೊದಲು ‘ಹೆಲೋ’ ಎನ್ನುತ್ತದೆ. ಆಜ್ಞೆಗಳೆಲ್ಲ ನಾಲ್ಕು ಅಕ್ಷರಗಳವಾದ್ದರಿಂದ ಇಂಗ್ಲಿಷಿನ ಆ ಪದದಿಂದ ಒಂದು ‘ಎಲ್’ ಬಿದ್ದುಹೋಗಿದೆ! ಅತ್ತ ಕಡೆಯಿಂದ 250 ಎಂದು ಉತ್ತರ ಬರುತ್ತದೆ, ಎಂದರೆ ‘ಸರಿ’. ಇಂಥವರಿಂದ ಓಲೆ ತಂದಿದ್ದೇನೆ ಎಂದರೆ 250. ಇಂಥವರಿಗೆ ಎಂದರೆ 250. ಅಂಥವರು ಅಲ್ಲಿ ಇಲ್ಲದಿದ್ದರೆ 550; ಓಲೆ ಮರಳುತ್ತದೆ. ಬಳಿಕ ಓಲೆಯನ್ನು ಸಾಲುಸಾಲಾಗಿ ಒಪ್ಪಿಸಿ, ಕೊನೆಗೆ ಬರಿಯ ಒಂದು ಪೂರ್ಣವಿರಾಮವಿರುವ ಸಾಲನ್ನು ಕಳುಹಿಸಿ, ಮುಗಿಯಿತೆಂದು ಬೀಳ್ಕೊಳ್ಳುತ್ತದೆ. ಎಂದೂ ಮುಖ ನೋಡದ ಎರಡು ಯಂತ್ರಗಳು ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದು ಅವುಗಳ ಗುಣದಿಂದಲ್ಲ, ಅವುಗಳನ್ನು ಮಾಡಿದ ಜನರ ಒಡಂಬಡಿಕೆಯಿಂದ.

ಈ ಒಡಂಬಡಿಕೆಯಲ್ಲಿ ಒಂದು ದೌರ್ಬಲ್ಯವೂ ಉಂಟು. ‘ಇಂಥವರಿಂದ’ ಎಂದು ಹೇಳಿದ ಮಾತನ್ನು ಪಡೆಯುವ ಗಣಕ ಅಂದು ಪರೀಕ್ಷಿಸದೆ ನಂಬುತ್ತಿತ್ತು. ಲಕೋಟೆಯ ಹಿಂದೆ ಯಾರ ಹೆಸರನ್ನಾದರೂ ಬರೆಯಬಹುದಷ್ಟೆ! ಮುಂದೆ ಪರೀಕ್ಷೆಯ ಉಪಾಯಗಳು ಬಂದುವು. ಮೋಸ ಮಾತ್ರ ಪೂರ್ತಿಯಾಗಿ ನಿಂತಿಲ್ಲ. ಬ್ಯಾಂಕಿನ ಹೆಸರು ಹೊತ್ತು ಬಂದ ಓಲೆ ಬ್ಯಾಂಕಿನದೇ ಆಗಿರಬೇಕಾಗಿಲ್ಲ. ಗುಪ್ತಪದವನ್ನು ಕೇಳುವ ಓಲೆಗೆ, ಅದು ಯಾರ ಹೆಸರಿನಲ್ಲಿ ಬಂದರೂ, ಉತ್ತರ ಕೊಡಬಾರದು.

ಓಲೆ ಒಂದೇ ಗಂಟಾಗಿ ಹೋಗುವುದಿಲ್ಲ. ಅದನ್ನು ಸಣ್ಣಸಣ್ಣ ಪೊಟ್ಟಣಗಳಾಗಿ ಒಡೆದು, ಒಂದೊಂದರ ಮೇಲೂ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಬರೆದು ಬಿಡುತ್ತಾರೆ. ಅವು ಬೇರೆಬೇರೆ ದಾರಿ ಹಿಡಿದರೂ ಅಲ್ಲಿ ಮತ್ತೆ ಸರಿಯಾಗಿ ಜೋಡಿಕೊಳ್ಳುತ್ತವೆ. ದಾರಿಯಲ್ಲಿ ಒಂದು ಕಳೆದರೆ ಅದೊಂದನ್ನೇ ಮತ್ತೆ ಕಳುಹಿಸಲಾಗುತ್ತದೆ. ಹೀಗೆ ಅರ್ಪಾನೆಟ್ಟಿನಲ್ಲಿ ಮೊದಲ ಮಾತು ಸಾಗಿದುದು 1969ರ ಅಕ್ಟೋಬರ್ 29ರಂದು, ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ. ‘ಲಾಗಿನ್’ ಎಂಬ ಐದು ಅಕ್ಷರಗಳ ಪದದಲ್ಲಿ ‘ಎಲ್’, ‘ಓ’ ಎಂಬ ಎರಡು ತಲುಪುವಷ್ಟರಲ್ಲಿ ಅತ್ತಲಿನ ಗಣಕ ಕುಸಿದುಬಿದ್ದಿತು. ಮೊದಲ ಹೆಜ್ಜೆ ಎಡವಿಯೇ ಇಟ್ಟದ್ದು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಹಾಗಾದರೆ ಅಕ್ಕನ ಓಲೆ ಎಲ್ಲಿ ಕೆಟ್ಟಿತು? ಪೊಟ್ಟಣಗಳೆಲ್ಲ ಸರಿಯಾಗಿಯೇ ಬಂದಿದ್ದುವು. ವಿಳಾಸ ತಪ್ಪಿರಲಿಲ್ಲ. ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಅದಕ್ಕೆ ತಿಳಿದುದು ಸಂಖ್ಯೆಯೊಂದೇ. ಇಂಗ್ಲಿಷಿನ ದೊಡ್ಡ ‘ಎ’ಗೆ 65, ‘ಬಿ’ಗೆ 66 ಎಂದು 1963ರಲ್ಲಿಯೇ ಅಮೆರಿಕದವರು ಒಂದು ಪಟ್ಟಿಯನ್ನು ಗೊತ್ತುಮಾಡಿಕೊಂಡಿದ್ದರು. ಅದರಲ್ಲಿದ್ದುದು 128 ಸ್ಥಾನಗಳು. ಕನ್ನಡಕ್ಕೆ ಅಲ್ಲಿ ಒಂದು ಮೂಲೆಯೂ ಇರಲಿಲ್ಲ. ನಮ್ಮವರು ಆಗ ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದರು. ಇಂಗ್ಲಿಷ್ ಅಕ್ಷರಗಳ ಮತ್ತು ಅವುಗಳ ಆಚೆಗಿನ ಯೂರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಹಿಡಿದು, ಆ ಸಂಖ್ಯೆ ಬಂದಾಗ ಪರದೆಯ ಮೇಲೆ ಕನ್ನಡದ ಆಕಾರ ಮೂಡುವಂತೆ ಫಾಂಟುಗಳನ್ನು ಮಾಡಿದರು. ಜಾಣ ಉಪಾಯವೇ ಸರಿ. ಆದರೆ ಆ ಫಾಂಟು ಓದುವವನ ಗಣಕದಲ್ಲಿಯೂ ಇರಬೇಕು. ಒಬ್ಬೊಬ್ಬ ತಯಾರಕನ ಪಟ್ಟಿ ಒಂದೊಂದು ಬಗೆ. ಹುಡುಗ ಬರೆದಾಗ ಅವನ ಪರದೆಯಲ್ಲಿ ಕನ್ನಡವೇ ಇತ್ತು. ಶಿವಮೊಗ್ಗೆಯ ಗಣಕಕ್ಕೆ ಆ ಒಳಗುಟ್ಟು ತಿಳಿಯದು. ಸಂಖ್ಯೆಗಳನ್ನು ತನಗೆ ತಿಳಿದಂತೆ ಓದಿ ಪರಭಾಷೆಯ ಅಕ್ಷರಗಳನ್ನು ತೋರಿಸಿತು. ಯಂತ್ರ ಸುಳ್ಳು ಹೇಳಲಿಲ್ಲ. ಒಡಂಬಡಿಕೆ ಇರಲಿಲ್ಲ, ಅಷ್ಟೆ.

ಆ ಮೇಲೆ ಅವನು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದನು. ನಾನು ಓದುತ್ತಿದ್ದೆ, ಅಕ್ಕ ಕೇಳುತ್ತಿದ್ದಳು. ಮಗ ತಾಯಿಗೆ ಬರೆಯುವ ಮಾತುಗಳಲ್ಲಿ ಸೋದರಮಾವನ ಬಾಯಿಂದ ಬರಬಾರದವು ಕೆಲವಿರುತ್ತವೆ. ಅಂಥ ಕಡೆ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅವನೂ ಅದನ್ನು ಅರಿತಿರಬೇಕು. ಬರಬರುತ್ತ ಓಲೆಗಳಲ್ಲಿ ಹವೆಯ ಸುದ್ದಿ, ಅಡಿಗೆಯ ಸುದ್ದಿಗಳೇ ಹೆಚ್ಚಾದುವು.

ಅಷ್ಟರಲ್ಲಿ ಬೇರೆ ಕಡೆ ಕೆಲಸ ನಡೆದೇ ಇತ್ತು. 1991ರ ಅಕ್ಟೋಬರಿನಲ್ಲಿ ಹೊರಬಂದ ಯೂನಿಕೋಡ್ ಎಂಬ ಪಟ್ಟಿ ಜಗತ್ತಿನ ಒಂದೊಂದು ಲಿಪಿಗೂ ಬೇರೆಬೇರೆ ಸಂಖ್ಯೆಗಳನ್ನು ಕೊಟ್ಟಿತು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ದೊರೆತುವು. ‘ಕ’ ಎಂದರೆ 3221. ‘ಕ್ಷ’ ಎಂಬುದಕ್ಕೆ ಬೇರೆ ಸಂಖ್ಯೆಯಿಲ್ಲ. 3221, ಅನಂತರ ಅರ್ಧಾಕ್ಷರದ ಗುರುತು 3277, ಅನಂತರ ‘ಷ’ದ 3255. ಮೂರನ್ನೂ ಕೂಡಿಸಿ ಒತ್ತಕ್ಷರವಾಗಿ ಬರೆಯುವುದು ಗಣಕದ ಕೆಲಸ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ಇ-ಮೇಲಿನಲ್ಲಿ ಇಂಗ್ಲಿಷ್ ಅಲ್ಲದ ಲಿಪಿಗಳೂ ಚಿತ್ರಗಳೂ ಸಾಗುವಂತೆ ಹೊಸ ಕ್ರಮವೊಂದನ್ನು ರೂಪಿಸಿದರು. ಓಲೆಯೊಡನೆ ಚಿತ್ರವೇಕೆ ಎಂದು ಕೇಳಿದವರಿಗೆ, ಮುಂದೆ ಮೊಮ್ಮಕ್ಕಳು ಹುಟ್ಟಿದಾಗ ಅವರ ಚಿತ್ರಗಳನ್ನು ತರಿಸಿಕೊಳ್ಳಬೇಡವೇ ಎಂಬ ಅರ್ಥದ ಉತ್ತರವನ್ನು ಬೋರೆನ್‌ಸ್ಟೈನ್ ಕೊಡುತ್ತಿದ್ದರಂತೆ. ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡವನ್ನು ಸುಲಭವಾಗಿ ಒತ್ತುವ ವಿನ್ಯಾಸವನ್ನು ನಮಗೆ ಕೊಟ್ಟವರು ಕೆ. ಪಿ. ರಾವ್. ಅದರಲ್ಲಿ ‘ಕೆ’ ಒತ್ತಿದರೆ ‘ಕ’. ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’ ಕೀಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟೂ ಸೇರಿತ್ತು. ಅದರ ಹೆಸರು ತುಂಗಾ. ನನ್ನ ಅಕ್ಕನ ಊರಿನಲ್ಲಿ ಹರಿಯುವ ಹೊಳೆಯ ಹೆಸರೂ ಅದೇ.

ಜಾಲದಲ್ಲಿ ಓಲೆಯೊಂದೇ ಇಲ್ಲ. ಬ್ರೌಸರ್ ಎಂಬ ಕಿಟಕಿಯನ್ನು ತೆರೆದು, ಮೇಲಿನ ಪಟ್ಟಿಯಲ್ಲಿ ತಾಣದ ವಿಳಾಸವನ್ನು ಬರೆದರೆ ಪುಟ ಬರುತ್ತದೆ. ಪುಟದಲ್ಲಿ ಕೆಲವು ಪದಗಳು ಬೇರೆ ಬಣ್ಣದಲ್ಲಿಯೋ ಅಡಿಗೆರೆಯೊಡನೆಯೋ ಇರುತ್ತವೆ. ಅವು ಕೊಂಡಿಗಳು, ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುತ್ತವೆ. ದಾರಿ ತಪ್ಪಿತೆನಿಸಿದರೆ ಎಡಗಡೆಯ ಬಾಣದ ಗುರುತು ಹಿಂದಿನ ಪುಟಕ್ಕೆ ತರುತ್ತದೆ. ಈ ಏರ್ಪಾಡನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ಕಲ್ಪಿಸಿದರು. ಅಂದಿನ ಜಗತ್ತಿನ ಮೊದಲ ತಾಣ ಅವರ ಮೇಜಿನ ಮೇಲಿನ ಗಣಕದಲ್ಲಿಯೇ ಇದ್ದುದರಿಂದ, ಇದನ್ನು ಆರಿಸಬೇಡಿರೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು! 1993ರ ಏಪ್ರಿಲ್ 30ರಂದು ಸರ್ನ್ ಇದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರೂ ಪುಟ ಬರೆಯಬಹುದಾದ್ದರಿಂದ ಬರೆದವರು ಯಾರೆಂದು ನೋಡದೆ ನಂಬುವುದು ಸಲ್ಲದು.

ಚಾಟ್ ಎಂಬುದು ಬರೆದು ಆಡುವ ಹರಟೆ. ಓಲೆ ಪೆಟ್ಟಿಗೆಯಲ್ಲಿ ಕಾದಿರುತ್ತದೆ. ಹರಟೆಗೆ ಇಬ್ಬರೂ ಅದೇ ಹೊತ್ತಿನಲ್ಲಿ ಕುಳಿತಿರಬೇಕು. 1973ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ‘ಟಾಕೊಮ್ಯಾಟಿಕ್’ ಎಂಬ ಏರ್ಪಾಡಿತ್ತು. ಅದರಲ್ಲಿ ಒತ್ತಿದ ಅಕ್ಷರ ಅಕ್ಷರವೂ ಒತ್ತುತ್ತಿದ್ದಂತೆಯೇ ಎಲ್ಲರಿಗೂ ಕಾಣುತ್ತಿತ್ತು. ಬರೆದು ಅಳಿಸಿದುದೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಇಂದು ಸಾಮಾನ್ಯವಾಗಿ ಬರೆದು ಮುಗಿಸಿ ಕಳುಹಿಸಿದ ಮೇಲೆಯೇ ಅತ್ತ ಕಾಣುವುದು. ಅಷ್ಟರಮಟ್ಟಿಗೆ ನಾಲಗೆಗಿಂತ ಬೆರಳಿಗೆ ಯೋಚಿಸಲು ಬಿಡುವುಂಟು. ಕಂಡರಿಯದವರೊಡನೆ ಹರಟುವಾಗ ಹೆಸರು, ಮನೆ, ಶಾಲೆಗಳ ವಿವರ ಕೊಡಬಾರದು. ಅತ್ತ ಕುಳಿತವರ ಮುಖ ನಿಮಗೆ ಕಾಣುವುದಿಲ್ಲ.

2008ರಲ್ಲಿ ನಮ್ಮ ಮನೆಗೇ ಗಣಕಯಂತ್ರ ಬಂದಿತು. ಅಕ್ಕ ನಾಲ್ಕು ದಿನ ನಮ್ಮಲ್ಲಿ ನಿಂತು ಕೀಲಿಮಣೆಯನ್ನು ಕಲಿತಳು. ಮೌಸು ಅವಳ ಕೈಗೆ ಬೇಗ ಒಗ್ಗಲಿಲ್ಲ. ಅದನ್ನು ಮೇಜಿನಿಂದ ಮೇಲಕ್ಕೆತ್ತಿ ಪರದೆಯ ಕಡೆ ತೋರಿಸುತ್ತಿದ್ದಳು. ಒತ್ತಕ್ಷರ ಮಾತ್ರ ಎರಡನೆಯ ದಿನಕ್ಕೇ ಕೈಗೂಡಿತು. ನಾಲ್ಕನೆಯ ದಿನ ಸಂಜೆ ಏಳು ಗಂಟೆಗೆ, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ, ಮೂರು ಸಾಲುಗಳ ಓಲೆಯನ್ನು ಮುಗಿಸಿ, ‘ಕಳುಹಿಸು’ ಎಂಬುದನ್ನು ತಾನೇ ಒತ್ತಿದಳು.

“ಹೋಯಿತೇ?”

“ಹೋಯಿತು.”

“ಅಲ್ಲಿ ಕನ್ನಡದಲ್ಲಿಯೇ ಕಾಣುತ್ತದೆಯೇ?”

“ಕಾಣಬೇಕು” ಎಂದೆ. 1999ರ ಸಂಜೆಯನ್ನು ನಾನು ಮರೆತಿರಲಿಲ್ಲ.

ಅಲ್ಲಿ ಬೆಳಗಾಗಿತ್ತು. ಅರ್ಧ ಗಂಟೆಯೊಳಗೆ ಉತ್ತರ ಬಂದಿತು. ತೆರೆದಾಗ ಪರದೆಯ ಮೇಲಿನಿಂದ ಕೆಳಗಿನವರೆಗೆ ಕನ್ನಡ; ಕೊನೆಯಲ್ಲಿ ಹಲ್ಲಿಲ್ಲದ ಬಾಯಿ ತೆರೆದು ನಗುವ ಮೊಮ್ಮಗಳ ಚಿತ್ರ. ನಾನು ರೂಢಿಯಂತೆ ಕುರ್ಚಿ ಎಳೆದುಕೊಂಡು ಓದಲು ಬಾಗಿದೆನು. ಅಕ್ಕ ಕನ್ನಡಕವನ್ನು ಏರಿಸಿಕೊಂಡು, “ನೀನು ಸ್ವಲ್ಪ ಹೊತ್ತು ಆಚೆ ಕೂತಿರು ತಮ್ಮಾ” ಎಂದಳು.

ನಾನು ಎದ್ದು ಜಗಲಿಗೆ ಬಂದು ಕುಳಿತೆನು.