ಸೈಲೆನ್ಸರ್ ಬದಲಿಸಲು ಹೋಗಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಸ್ಟೋವ್‌ಪೈಪ್ ವೆಲ್ಸ್ ಎಂಬ ಪುಟ್ಟ ತಂಗುದಾಣವಿದೆ. ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಟೌನ್ ಪಾಸ್‌ನ ನೆತ್ತಿ 4,956 ಅಡಿ. ಎಂಜಿನ್ ಕಾದೀತು, ಎ.ಸಿ. ಆರಿಸಿ ಎಂದು ರಸ್ತೆಬದಿಯ ಫಲಕವೇ ಎಚ್ಚರಿಸುತ್ತದೆ. ನಮ್ಮ 1993ರ ಮೋಟರ್‌ಹೋಮ್ ಆ ಏರಿನಲ್ಲಿ ಗಂಟೆಗೆ 25 ಮೈಲಿಗೆ ಇಳಿದು ಮುಲುಗುತ್ತಿತ್ತು. ಹಿಂದೆ ಕಾರುಗಳ ದಿಬ್ಬಣ. ಒಬ್ಬೊಬ್ಬರೂ ದಾಟಿಕೊಂಡು ಹೋಗುವಾಗ ನನ್ನ ಮುಖ ನೋಡಿಯೇ ಹೋಗುತ್ತಿದ್ದರು.

ಎಂಜಿನ್ ಚಿಕ್ಕದೇನಲ್ಲ. 460 ಘನ ಇಂಚು, ಅಂದರೆ 7.5 ಲೀಟರಿನ ಪೆಟ್ರೋಲ್ ವಿ-8. ಎಳೆಯಬೇಕಾದ ಭಾರ ಐದು ಟನ್. ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ ಅದೇ ಪುಣ್ಯ. ಹೊಗೆ ಹೋಗುವ ದಾರಿ ಇಕ್ಕಟ್ಟಾಗಿದೆ, ದಪ್ಪ ಪೈಪು ಹಾಕಿದರೆ ಉಸಿರು ಸಲೀಸಾಗುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಆಗ ಊರಿನಿಂದ ಮಾವ ಬಂದಿದ್ದರು. ಚಿತ್ರದುರ್ಗದ ಕಡೆ ಇಪ್ಪತ್ತು ವರ್ಷ ಎರಡು ಲಾರಿ ಓಡಿಸಿದವರು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಕಾಫಿ ಲೋಟ ಹಿಡಿದು ಬಾನೆಟ್ ಬಳಿ ನಿಂತು, ತಲೆ ವಾಲಿಸಿ ಕೇಳಿದರು. ತಣ್ಣಗಿರುವಾಗ ಟಿಕ್ ಟಿಕ್ ಸದ್ದು. ಹತ್ತು ನಿಮಿಷಕ್ಕೆ ಮಾಯ.

‘ಅಳಿಯಂದ್ರೇ, ಪೈಪಿನ ಮಾತು ಆಮೇಲೆ. ಮೊದಲು ಎಕ್ಸಾಸ್ಟ್ ಪ್ಯಾಕಿಂಗ್ ನೋಡಿಸಿ.’

‘ಇದು ಲಾರಿಯಲ್ಲ ಮಾವ, ಕಂಪ್ಯೂಟರ್ ಇರೋ ಎಂಜಿನ್’ ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಹತ್ತಿರದ ಒಂದು ಅಂಗಡಿಯಲ್ಲಿ ಕೆಟಲಿಟಿಕ್ ಕನ್ವರ್ಟರ್‌ನಿಂದ ಹಿಂದಕ್ಕೆ ಮೂರಿಂಚಿನ ಪೈಪು, ಗಾಳಿ ಸಲೀಸಾಗಿ ಹೋಗುತ್ತದೆಂಬ ಹೊಸ ಸೈಲೆನ್ಸರ್ ಹಾಕಿಸಿದೆ. ಮೂರಿಂಚು ಎನ್ನುವುದು ಹೆಸರಿಗೆ ಮಾತ್ರ. ಬಾಗಿಸಿದ ಕಡೆಯೆಲ್ಲ ಒಳಬದಿ ಸುಕ್ಕುಗಟ್ಟಿ ದಾರಿ ಕಿರಿದಾಗಿತ್ತು. ಒಳಗೆ ಸಲಾಕೆ ಇಟ್ಟು ಬಾಗಿಸುವ ಯಂತ್ರವಿದ್ದರೆ ಹಾಗಾಗುವುದಿಲ್ಲ ಎಂದು ತಿಳಿದದ್ದು ಹಣ ಕೊಟ್ಟ ಮೇಲೆ. ಗಂಟೆಗೆ 55 ಮೈಲಿ ದಾಟಿದರೆ ಡಬ್ಬಿಯೊಳಗೆ ದುಂಬಿ ಕೂಡಿಹಾಕಿದಂಥ ಗುಂಯ್‌ಗುಡುವಿಕೆ. ನನ್ನ ಹೆಂಡತಿ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ಟೌನ್ ಪಾಸ್‌ನಲ್ಲಿ ಮತ್ತೆ ಅದೇ 25 ಮೈಲಿ, ಈ ಸಲ ಸದ್ದು ಮಾಡಿಕೊಂಡು.

ವಾಪಸು ಬಂದ ಮರುದಿನ ಬೆಳಿಗ್ಗೆ ಮಾವ ಹೂದೋಟದ ಹಳೇ ರಬ್ಬರ್ ಪೈಪಿನ ಮೊಳದುದ್ದ ತುಂಡು ಕತ್ತರಿಸಿ ತಂದರು. ಇಂಥ ವ್ಯಾನ್ ಚಾಸಿಸ್‌ನಲ್ಲಿ ಎಂಜಿನ್ನಿನ ಅರ್ಧಭಾಗ ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆ, ಒಂದು ಮುಚ್ಚಳದ ಅಡಿ ಇರುತ್ತದೆ. ಮುಚ್ಚಳ ತೆಗೆದೆ. ಅವರು ರಬ್ಬರಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಮ್ಯಾನಿಫೋಲ್ಡ್ ಉದ್ದಕ್ಕೂ ಸರಿಸುತ್ತಾ ಬಲಗಡೆಯ ಕೊನೇ ಸಿಲಿಂಡರಿನ ಬಳಿ ನಿಂತರು. ಏನೂ ಹೇಳದೆ ರಬ್ಬರನ್ನು ನನ್ನ ಕಿವಿಗೆ ಕೊಟ್ಟರು. ಒಳಗೆ ಯಾರೋ ಚಿಟಿಕೆ ಹೊಡೆಯುತ್ತಿದ್ದಂತೆ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿ ಬೋಲ್ಟಿನ ತಲೆಯೇ ಇಲ್ಲ. ಪಕ್ಕದಲ್ಲಿ ಕಾಡಿಗೆ ಎಳೆದಂತೆ ಮಸಿಯ ಗೆರೆ.

ಎರಕದ ಮ್ಯಾನಿಫೋಲ್ಡ್ ಕಾದಾಗ ಉದ್ದಕ್ಕೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸಾವಿರಾರು ಸಲ ಹಾಗೆ ಎಳೆದಾಡಿಸಿಕೊಂಡು ಕೊನೆಯ ಬೋಲ್ಟುಗಳು ತುಂಡಾಗುತ್ತವೆ. ಬಿಸಿಯಾದರೆ ಸಂದು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ, ಎಲ್ಲ ಸರಿಯಿದೆ ಎಂದು ನಾವು ನಂಬುತ್ತೇವೆ. ಇನ್ನೂ ದೊಡ್ಡ ತಮಾಷೆ ಕಂಪ್ಯೂಟರಿನದು. ಆ ಸಂದಿನಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೂ ಹೋಗುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಅದನ್ನು ಮೂಸಿ, ಪೆಟ್ರೋಲ್ ಸಾಲುತ್ತಿಲ್ಲ ಎಂದು ವರದಿ ಕೊಡುತ್ತದೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ನಾನು ಯಾವ ಕಂಪ್ಯೂಟರಿನ ಹೆಮ್ಮೆ ಹೇಳಿಕೊಂಡಿದ್ದೆನೋ ಅದೇ ನನ್ನ ಜೇಬು ಕತ್ತರಿಸುತ್ತಿತ್ತು.

ಬಿಚ್ಚುವುದು ಇನ್ನೊಂದು ಪುರಾಣ. ತುಕ್ಕು ಬಿಡಿಸುವ ಎಣ್ಣೆಯನ್ನು ವಾರವಿಡೀ ಬಿಟ್ಟರೂ ಇನ್ನೆರಡು ಬೋಲ್ಟು ಮುರಿದವು. ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಿದರೆ ಆ ಕಾವಿಗೇ ತುಕ್ಕು ಸಡಿಲಾಗಿ ಬರುತ್ತದೆ. ಎರಡು ಹಾಗೆ ಬಂದವು. ಮೂರನೆಯದಕ್ಕೆ ನಾನು ಅವಸರಪಟ್ಟು, ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿದೆ. ಅದೂ ಒಳಗೇ ಮುರಿಯಿತು. ಅದು ಗಟ್ಟಿ ಮಾಡಿದ ಉಕ್ಕು, ಮಾಮೂಲಿ ಡ್ರಿಲ್ ಅದರ ಮೇಲೆ ಜಾರುತ್ತದೆ. ಬಲ್ಲವರನ್ನು ಮನೆಗೇ ಕರೆಸಿ ತೆಗೆಸಲು ಎರಡು ದಿನ ಹಿಡಿಯಿತು.

ಹೇಗೂ ಬಿಚ್ಚಿದ್ದೇನೆ, ಎರಕದ ಬದಲು ಕೊಳವೆಗಳ ಹೆಡರ್ ಹಾಕೋಣ ಎಂಬ ಆಸೆ ಹುಟ್ಟಿತು. ಅಗ್ಗದ್ದೊಂದು ಆರಿಸಿಯೂ ಆಯಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ. ಹೊರಗಿನ ಹೆಡರ್ ಹಾಕಿದ್ದರೆ ರಾಜ್ಯದ ವಾಯು ಮಂಡಳಿಯ ವಿನಾಯಿತಿ ಸಂಖ್ಯೆ ಇದೆಯೇ ಎಂದು ನೋಡುತ್ತಾರೆ. ನಾನು ಆರಿಸಿದ್ದಕ್ಕೆ ಅದಿರಲಿಲ್ಲ. ಜೊತೆಗೆ ತೆಳು ಕೊಳವೆಯ ಕಾವು ಪಕ್ಕದ ಪ್ಲಗ್ ವೈರುಗಳಿಗೂ ನಮ್ಮ ಕಾಲಡಿಗೂ ಬರುತ್ತದೆ. ಅದಕ್ಕೆ ಪಟ್ಟಿ ಸುತ್ತಿದರೆ ತೇವ ಹಿಡಿದು ಕೊಳವೆಯೇ ತುಕ್ಕು ತಿನ್ನುತ್ತದೆ. ಹೊಸ ಎರಕದ ಮ್ಯಾನಿಫೋಲ್ಡನ್ನೇ ತರಿಸಿ, ಮುಖ ಮಟ್ಟಸವಾಗಿದೆಯೇ ಎಂದು ಪರೀಕ್ಷಿಸಿ, ಹೊಸ ಪ್ಯಾಕಿಂಗ್, ಹೊಸ ಬೋಲ್ಟು ಹಾಕಿ ಕೂರಿಸಿದೆವು. ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿದೆವು. ಸೈಲೆನ್ಸರ್ ಕೂಡ ಮೊದಲಿನ ನಮೂನೆಯದೇ ಬಂತು.

ಈಗ ಟೌನ್ ಪಾಸ್‌ನಲ್ಲಿ 32 ಮೈಲಿ. ದೊಡ್ಡ ಸಾಧನೆಯಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಯಾವ ಪೈಪೂ ಅದನ್ನು ತಂದುಕೊಡುವುದಿಲ್ಲ.

ಇಷ್ಟೆಲ್ಲಾ ಆಗಿ, ಕೈಕಾಲು ನಡುಗಿಸಿದ್ದು ಬೇರೆಯೇ. ಸೈಲೆನ್ಸರ್ ಬಿಚ್ಚಲು ಗಾಡಿಯ ಅಡಿ ಮಲಗಿದ್ದಾಗ ಕಂಡದ್ದು: ಅಂಗಡಿಯವರು ಹಾಕಿದ್ದ ಪೈಪಿನ ಬಾಯಿ ಗಾಡಿಯ ಅಂಚಿನವರೆಗೆ ಬಂದೇ ಇರಲಿಲ್ಲ. ಮಕ್ಕಳು ಮಲಗುವ ಹಾಸಿಗೆಯ ಕೆಳಗೇ, ನೀರಿನ ಪೈಪು ಹಾಯುವ ತೂತಿನಿಂದ ಮೊಳ ದೂರದಲ್ಲಿ ನಿಂತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಗೋಡೆಯ ಮೇಲಿನ ಅಲಾರ್ಮ್ ಇದೆಯಲ್ಲ ಎಂದುಕೊಂಡು ಅದನ್ನು ಕಿತ್ತು ಹಿಂಬದಿ ನೋಡಿದೆ. ಇಂಥವುಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ನಮ್ಮದಕ್ಕೆ ಹನ್ನೆರಡಾಗಿತ್ತು. ಹಸಿರು ದೀಪ ಮಾತ್ರ ದಿನವೂ ಉರಿಯುತ್ತಿತ್ತು.

ಪೈಪಿನ ಬಾಯನ್ನು ಹೊರಗೆ ತಂದದ್ದು, ತಳದ ತೂತುಗಳನ್ನೆಲ್ಲ ಮುಚ್ಚಿದ್ದು, ಅಲಾರ್ಮ್ ಬದಲಿಸಿದ್ದು, ಎಲ್ಲಾ ಒಂದೇ ಮಧ್ಯಾಹ್ನದ ಕೆಲಸ. ಹಳೇ ಮೋಟರ್‌ಹೋಮ್ ಇಟ್ಟುಕೊಂಡವರು ಬೇರೇನನ್ನೇ ಬದಲಿಸುವ ಮುಂಚೆ ದಯವಿಟ್ಟು ಇವತ್ತೇ ಆ ಅಲಾರ್ಮನ್ನು ಗೋಡೆಯಿಂದ ಇಳಿಸಿ, ಹಿಂಬದಿಯ ತಾರೀಖು ಓದಿ.