ನಾಲಿಗೆಗೆ ಎಷ್ಟು ವೋಲ್ಟ್?

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಗೊರಕೆ ಥಟ್ಟನೆ ನಿಲ್ಲುತ್ತದೆ, ಜೊತೆಗೆ ಉಸಿರೂ. ರಕ್ತದ ಆಮ್ಲಜನಕ ಇಳಿದು ಮೆದುಳು ಎಚ್ಚರಿಸಿದ ಮೇಲಷ್ಟೇ ದೊಡ್ಡ ಸದ್ದಿನೊಂದಿಗೆ ಮತ್ತೆ ಶುರು. ಉಸಿರು ಪೂರ್ತಿ ನಿಂತದ್ದು, ಅರೆಬರೆ ಕುಗ್ಗಿದ್ದು ಎಲ್ಲ ಸೇರಿ ಗಂಟೆಗೆ ಸರಾಸರಿ ಎಷ್ಟು ಸಲ ಎಂಬ ಲೆಕ್ಕಕ್ಕೆ ಎಎಚ್‌ಐ ಎನ್ನುತ್ತೇವೆ. ಅದು 15 ಮುಟ್ಟಿದರೆ ಮಧ್ಯಮ, 30 ದಾಟಿದರೆ ತೀವ್ರ ಸ್ಲೀಪ್ ಆಪ್ನಿಯಾ.

ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರ, ಇವತ್ತಿಗೂ ಮೊದಲ ಚಿಕಿತ್ಸೆ. ಮಾಸ್ಕ್ ಒಗ್ಗದವರಿಗಾಗಿ 2014ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಇನ್‌ಸ್ಪೈರ್ ಎಂಬ ಸಾಧನಕ್ಕೆ. ಬಲ ಎದೆಯ ಚರ್ಮದಡಿ ಒಂದು ಪುಟ್ಟ ಜನರೇಟರ್, ಅಲ್ಲಿಂದ ಗದ್ದದ ಕೆಳಗಿನವರೆಗೆ ಒಂದು ತಂತಿ. ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ಕಪಾಲನರದ ಕವಲುಗಳಿಗೆ ಆ ತಂತಿಯ ತುದಿ ಸುತ್ತಿಕೊಂಡಿರುತ್ತದೆ. ಮಲಗಿದವರು ಉಸಿರೆಳೆದಾಗಲೆಲ್ಲ ನರಕ್ಕೆ ಸಣ್ಣಗೆ ವಿದ್ಯುತ್ ತಾಗಿ ನಾಲಿಗೆ ಮುಂದಕ್ಕೆ ಬರುತ್ತದೆ, ದಾರಿ ತೆರೆಯುತ್ತದೆ.

ಅದನ್ನು ಕೂರಿಸುವುದು ಸರ್ಜನ್ ಕೆಲಸ. ಗಾಯ ಮಾಯ್ದು, ಸುಮಾರು ಒಂದು ತಿಂಗಳಾದ ಮೇಲೆ ಯಂತ್ರವನ್ನು ಆನ್ ಮಾಡಿ ಹದಕ್ಕೆ ತರುವ ಕೆಲಸದಲ್ಲಿ ನಮ್ಮಂಥವರ ಕೈಯೂ ಇರುತ್ತದೆ. ನಾನು ಅಮೆರಿಕದ ಒಂದು ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಾಲಜಿಸ್ಟ್. ಕೈಪಿಡಿ ಓದಿ ಎಲ್ಲ ಗೊತ್ತಾಯಿತು ಅಂದುಕೊಂಡು ಶುರುಮಾಡಿದವಳು. ರೋಗಿಗಳಿಗೆ ತೊಂದರೆ ಕೊಟ್ಟು ಕಲಿತ ಪಾಠಗಳಿವು.

1. ಮೊದಲ ದಿನ ಟ್ಯಾಬ್ಲೆಟ್ ನೋಡಬೇಡಿ, ನಾಲಿಗೆ ನೋಡಿ.

ಆನ್ ಮಾಡುವ ದಿನ ರೋಗಿ ಎಚ್ಚರವಾಗಿಯೇ ಕೂತಿರುತ್ತಾರೆ. ಟ್ಯಾಬ್ಲೆಟ್ ಕಂಪ್ಯೂಟರಿನ ಮೂಲಕ 0.1 ವೋಲ್ಟಿನಂತೆ ಏರಿಸುತ್ತ ಹೋಗುತ್ತೇವೆ. ಎಲ್ಲಿ ಅವರಿಗೆ 'ಏನೋ ತಾಗಿತು' ಅನಿಸುತ್ತದೋ ಅದು ಒಂದು ಗುರುತು. ಎಲ್ಲಿ ನಾಲಿಗೆ ಕೆಳಹಲ್ಲನ್ನು ದಾಟಿ ಮುಂದೆ ಬರುತ್ತದೋ ಅದು ಇನ್ನೊಂದು. ಇವೆರಡನ್ನು ಬರೆದುಕೊಂಡರೆ ಕೆಲಸ ಮುಗಿಯಿತು ಎಂದು ನಂಬಿದ್ದೆ. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಒಬ್ಬರಿಗೆ ಹೀಗೇ ಚುರುಕಾಗಿ ಮುಗಿಸಿ ಕಳಿಸಿದೆ. ಕೆಲವು ವಾರಗಳಲ್ಲಿ ಅವರ ಹೆಂಡತಿಯ ಫೋನು: ಗೊರಕೆ ಮೊದಲಿಗಿಂತ ಜೋರಾಗಿದೆ. ನಮ್ಮ ವೈದ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ನಾಲಿಗೆ ಯಾವ ಕಡೆಗೆ ಹೋಯಿತು?' ನನ್ನ ಬಳಿ ಉತ್ತರವಿರಲಿಲ್ಲ.

ಮತ್ತೆ ಕರೆಸಿ ಟಾರ್ಚ್ ಹಿಡಿದು ನೋಡಿದರೆ, ತುದಿಯೇನೋ ಹಲ್ಲು ದಾಟುತ್ತಿತ್ತು, ಆದರೆ ಒಂದು ಮಗ್ಗುಲು ಗಟ್ಟಿಯಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತಿತ್ತು. ನಾಲಿಗೆಯನ್ನು ಮುಂದೆ ತಳ್ಳುವ ಕವಲಿನ ಜೊತೆ ಹಿಂದಕ್ಕೆಳೆಯುವ ಕವಲಿಗೂ ವಿದ್ಯುತ್ ಸೋರುತ್ತಿತ್ತು. ನರದ ಸುತ್ತಲಿನ ಪಟ್ಟಿಯಲ್ಲಿ ಮೂರು ಎಲೆಕ್ಟ್ರೋಡ್‌ಗಳಿವೆ. ಸಾಮಾನ್ಯವಾಗಿ ಪ್ಲಸ್-ಮೈನಸ್-ಪ್ಲಸ್ ಎಂದು ಇಟ್ಟು ಶುರುಮಾಡುತ್ತೇವೆ. ಈ ಜೋಡಣೆ ಬದಲಿಸಿದರೆ ವಿದ್ಯುತ್ ಹರಡುವ ರೀತಿಯೂ ಬದಲಾಗುತ್ತದೆ. ಅವರಿಗೆ ಬೇರೊಂದು ಜೋಡಣೆಯಲ್ಲಿ ನಾಲಿಗೆ ನೆಟ್ಟಗೆ ಬಂತು, ವೋಲ್ಟೂ ಕಡಿಮೆ ಸಾಕಾಯಿತು. ಈಗ ಅಂಕಿಯ ಪಕ್ಕದಲ್ಲಿ 'ನೇರ', 'ಎಡಕ್ಕೆ', 'ಮುದುಡಿತು' ಎಂದು ಬರೆಯದೆ ಫೈಲ್ ಮುಚ್ಚುವುದಿಲ್ಲ.

2. ಗಡಿಯಾರದ ಸೆಟ್ಟಿಂಗ್‌ಗಳನ್ನು ಕಡೆಗಣಿಸಬೇಡಿ.

ಯಂತ್ರದಲ್ಲಿ ವೋಲ್ಟ್ ಅಲ್ಲದೆ ಸಮಯಕ್ಕೆ ಸಂಬಂಧಿಸಿದ ಮೂರು ಸೆಟ್ಟಿಂಗ್‌ಗಳಿವೆ: ಮಲಗುವಾಗ ರೋಗಿ ತಮ್ಮ ಕೈಯ ರಿಮೋಟ್ ಒತ್ತಿದ ಎಷ್ಟು ಹೊತ್ತಿಗೆ ಶುರುವಾಗಬೇಕು, ಮಧ್ಯರಾತ್ರಿ ಬಾತ್‌ರೂಮಿಗೆ ಎದ್ದರೆ ಎಷ್ಟು ಹೊತ್ತು ಸುಮ್ಮನಿರಬೇಕು, ಒಟ್ಟು ಎಷ್ಟು ಗಂಟೆ ನಡೆಯಬೇಕು. ವಾಡಿಕೆಯಂತೆ ಅರ್ಧ ಗಂಟೆ, ಕಾಲು ಗಂಟೆ, 8 ಗಂಟೆ. ಇದನ್ನು ಎಲ್ಲರಿಗೂ ಹಾಗೆಯೇ ಬಿಡುತ್ತಿದ್ದೆ.

ನಿದ್ದೆ ಹತ್ತಲು ಗಂಟೆಗಟ್ಟಲೆ ಹೊರಳಾಡುವ ಒಬ್ಬ ಮಹಿಳೆ ರಾತ್ರಿ ರಾತ್ರಿ ಯಂತ್ರ ಆರಿಸುತ್ತಿದ್ದರು. ವೋಲ್ಟ್ ಜಾಸ್ತಿಯಾಯಿತೇನೋ ಎಂದು ಇಳಿಸಿದೆ. ಉಪಶಮನವೂ ಹೋಯಿತು, ಆರಿಸುವುದೂ ತಪ್ಪಲಿಲ್ಲ. ಇನ್ನೂ ಎಚ್ಚರವಿರುವಾಗಲೇ ನಾಲಿಗೆ ಆಡತೊಡಗಿದರೆ ಯಾರಿಗೆ ನಿದ್ದೆ ಬರುತ್ತದೆ? ವೈದ್ಯರು ವೋಲ್ಟ್ ಮೊದಲಿನಂತಿಟ್ಟು ಶುರುವಾಗುವ ಸಮಯವನ್ನು ಮುಂದಕ್ಕೆ ಹಾಕಿದರು, ನಿದ್ರಾಹೀನತೆಗೆ ಬೇರೆ ಚಿಕಿತ್ಸೆ ಆರಂಭಿಸಿದರು. ಇನ್ನೊಬ್ಬರದು ತಿರುವುಮುರುವು. ರಜೆಯ ದಿನ ಒಂಬತ್ತು ಗಂಟೆಗೂ ಮಿಕ್ಕಿ ಮಲಗುವ ಅವರಿಗೆ ಯಂತ್ರ 8 ಗಂಟೆಗೇ ಆಫ್ ಆಗುತ್ತಿತ್ತು. ಸ್ನಾಯುಗಳು ಅತ್ಯಂತ ಸಡಿಲವಾಗುವುದು ಕನಸಿನ ರೆಮ್ ನಿದ್ದೆಯಲ್ಲಿ, ಅದು ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಸಹಾಯ ಬೇಕಾದ ಹೊತ್ತಿಗೇ ಸಹಾಯವಿಲ್ಲ. ಈಗ ಮೊದಲು ಕೇಳುವ ಪ್ರಶ್ನೆ: ಎಷ್ಟಕ್ಕೆ ಮಲಗುತ್ತೀರಿ, ನಿದ್ದೆ ಹತ್ತುವುದು ಎಷ್ಟಕ್ಕೆ, ಏಳುವುದು ಎಷ್ಟಕ್ಕೆ?

3. 'ಪರವಾಗಿಲ್ಲ' ಎಂದವರನ್ನು ಇನ್ನೊಮ್ಮೆ ಕೇಳಿ.

ಮೊದಲ ದಿನದ ನಂತರ ವೋಲ್ಟ್ ಏರಿಸುವ ಕೆಲಸ ರೋಗಿಯ ಕೈಯಲ್ಲೇ. ನಾವು ಕೊಟ್ಟ ಮಿತಿಯೊಳಗೆ, ಒಗ್ಗಿದಂತೆಲ್ಲ, ರಿಮೋಟಿನಲ್ಲಿ ಒಂದೊಂದೇ ಮೆಟ್ಟಿಲು. ದಾವಣಗೆರೆ ಕಡೆಯವರು, ಇಲ್ಲಿ ನೆಲೆಸಿ ಬಹಳ ಕಾಲವಾದ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಾಗ ಕನ್ನಡದಲ್ಲಿ ಮಾತಾಡುವ ಖುಷಿಯಲ್ಲಿ ಕೆಲಸ ಅರ್ಧ ಮರೆತೆ. ಫೋನ್ ಮಾಡಿ 'ಹೇಗಿದೆ ಅಂಕಲ್?' ಅಂದರೆ, 'ಪರವಾಗಿಲ್ಲಮ್ಮ, ಅಡ್ಜಸ್ಟ್ ಮಾಡ್ಕೋತಿದೀನಿ' ಅನ್ನುತ್ತಿದ್ದರು. ನಾನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ.

ಮುಂದಿನ ಭೇಟಿಗೆ ಆಂಟಿಯೂ ಬಂದರು. 'ಇವರೆಲ್ಲಿ ಬಾಯಿ ಬಿಡ್ತಾರೆ! ನಾಲಿಗೆ ಹುಣ್ಣಾಗಿ ಸಾರನ್ನ ಉಣ್ಣೋಕೂ ಆಗ್ತಿಲ್ಲ. ರಿಮೋಟು ಡ್ರಾಯರ್ ಸೇರಿದೆ.' ನಾಲಿಗೆ ಎತ್ತಿಸಿ ನೋಡಿದೆ. ಅಡಿಯಲ್ಲಿ, ಕೆಳಹಲ್ಲಿಗೆ ಉಜ್ಜುವ ಜಾಗದಲ್ಲೇ, ಬಿಳಿಚಿಕೊಂಡ ಒಂದು ಗೆರೆ. ರಾತ್ರಿಯಿಡೀ ಮುಂದೆ ಬರುವ ನಾಲಿಗೆಗೆ ಚೂಪಾದ ಹಲ್ಲಿನಂಚು ತಾಗುವುದು ಈ ಚಿಕಿತ್ಸೆಯ ಪರಿಚಿತ ತೊಂದರೆ. ದಂತವೈದ್ಯರು ಹಲ್ಲಿನಂಚು ನಯ ಮಾಡಿ ರಾತ್ರಿಗೆ ಒಂದು ಗಾರ್ಡ್ ಕೊಟ್ಟರು, ನಾವು ಸೆಟ್ಟಿಂಗ್ ಮೃದು ಮಾಡಿದೆವು. ಎಷ್ಟು ಗಂಟೆ ಬಳಸಿದ್ದಾರೆ ಎಂಬ ವರದಿ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು. ನಮ್ಮೂರ ಕಡೆಯವರು, ಸುಳ್ಳು ಹೇಳುತ್ತಾರೆಯೇ ಎಂದು ತೆರೆದು ನೋಡಿರಲಿಲ್ಲ. ಈಗ 'ಹೇಗಿದೆ' ಎಂದು ಕೇಳುವುದಿಲ್ಲ. 'ಖಾರ ತಿಂದರೆ ಉರಿಯುತ್ತದೆಯೇ? ನಿನ್ನೆ ರಾತ್ರಿ ಎಷ್ಟನೇ ಮೆಟ್ಟಿಲಲ್ಲಿ ಮಲಗಿದಿರಿ?' ಎಂದು ಕೇಳುತ್ತೇನೆ. ಆಂಟಿಯಂದಿರನ್ನೂ ಕೇಳುತ್ತೇನೆ.

4. ಏರಿಸುವುದು ಸುಲಭ, ಇಳಿಸುವುದಕ್ಕೆ ಧೈರ್ಯ ಬೇಕು.

ಕೆಲವು ತಿಂಗಳು ಕಳೆದ ಮೇಲೆ ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ವೋಲ್ಟ್ ಹದಗೊಳಿಸುತ್ತೇವೆ. ಪಕ್ಕದ ಕೋಣೆಯಲ್ಲಿ ಕೂತ ನನ್ನ ಪರದೆಯ ಮೇಲೆ ಮೂಗಿನ ಗಾಳಿಯ ಗೆರೆ ಚಪ್ಪಟೆಯಾಗುತ್ತದೆ. ಎದೆ ಮತ್ತು ಹೊಟ್ಟೆಯ ಪಟ್ಟಿಗಳು ಒಂದಕ್ಕೊಂದು ವಿರುದ್ಧವಾಗಿ ಎಳೆದಾಡುತ್ತವೆ. ತುಸು ತಡವಾಗಿ ಆಮ್ಲಜನಕ ಇಳಿಯುತ್ತದೆ. ಇದನ್ನು ಕಂಡಾಗಲೆಲ್ಲ ನನ್ನ ಬೆರಳು ಮೇಲ್ಮುಖ ಬಾಣದ ಮೇಲೆಯೇ. ಒಂದು ರಾತ್ರಿ ಹೀಗೆ ಏರಿಸುತ್ತ ಹೋದಂತೆ ರೋಗಿ ಪದೇ ಪದೇ ಎಚ್ಚರಗೊಂಡರು. ಎಚ್ಚರಗೊಂಡು ಮತ್ತೆ ನಿದ್ದೆಗೆ ಜಾರುವಾಗ ಉಸಿರಿನ ಲಯ ಹೇಗೂ ಏರುಪೇರು. ಅದನ್ನೂ ಆಪ್ನಿಯಾ ಎಂದೆಣಿಸಿ ಇನ್ನಷ್ಟು ಏರಿಸಿದೆ. ಬೆಳಿಗ್ಗೆ ಅವರು ಹೇಳಿದ್ದು, 'ರಾತ್ರಿಯೆಲ್ಲ ಯಾರೋ ನಾಲಿಗೆ ಹಿಡಿದೆಳೆದ ಹಾಗಿತ್ತು.'

ವೈದ್ಯರು ಆ ರಾತ್ರಿಯ ದಾಖಲೆಯನ್ನು ನನ್ನೆದುರೇ ಓದಿದರು. ಆರಂಭದ ಕಡಿಮೆ ವೋಲ್ಟಿನಲ್ಲೇ ಉಸಿರು ಸುಮಾರಾಗಿ ನೆಟ್ಟಗಿತ್ತು. ಆಮೇಲಿನ ಎಚ್ಚರಗಳಲ್ಲಿ ಮುಕ್ಕಾಲು ಪಾಲು ನನ್ನ ಕೊಡುಗೆ. ಹಳೇ ರೇಡಿಯೋದ ಕಿವಿ ತಿರುಗಿಸಿದಂತೆ ಇದು: ಸ್ಟೇಷನ್ ಸಿಕ್ಕ ಮೇಲೂ ತಿರುಗಿಸುತ್ತಿದ್ದರೆ ಮತ್ತೆ ಗೊರಗೊರ ಸದ್ದೇ. ಈಗ ಒಂದು ಮೆಟ್ಟಿಲು ಏರಿಸಿ ಕಾಯುತ್ತೇನೆ. ಕಾದೂ ಸರಿಹೋಗದಿದ್ದರೆ ಎರಡು ಮೆಟ್ಟಿಲು ಇಳಿಸಿಯೂ ನೋಡುತ್ತೇನೆ. ಎಷ್ಟೋ ಸಲ ಉತ್ತರ ಕೆಳಗೇ ಇರುತ್ತದೆ.

5. ಒಂದು ರಾತ್ರಿಯ ಚೆಂದದ ಅಂಕಿಗೆ ಮರುಳಾಗಬೇಡಿ.

ಈ ಸಾಧನಕ್ಕೆ ಒಪ್ಪಿಗೆ ದೊರಕಿಸಿಕೊಟ್ಟ ಸ್ಟಾರ್ ಅಧ್ಯಯನದಲ್ಲಿ 126 ಮಂದಿ ಇದ್ದರು. ಒಂದು ವರ್ಷದಲ್ಲಿ ಅವರ ಎಎಚ್‌ಐ ಮಧ್ಯಾಂಕ 29.3ರಿಂದ 9ಕ್ಕೆ ಇಳಿಯಿತು. ಒಳ್ಳೆಯ ಫಲಿತಾಂಶವೇ. ನಾನೋ ಅದಕ್ಕಿಂತ ಮುಂದೆ ಹೋಗಿದ್ದೆ! ಒಬ್ಬರ ವರದಿಯಲ್ಲಿ '1.8 ವೋಲ್ಟಿನಲ್ಲಿ ಎಎಚ್‌ಐ 3' ಎಂದು ಹೆಮ್ಮೆಯಿಂದ ಬರೆದೆ. ಅವರು ಅದೇ ವೋಲ್ಟಿನಲ್ಲಿ ಮಲಗಿದರೂ ಹಗಲಿಡೀ ತೂಕಡಿಸುತ್ತಿದ್ದರು. ಮನೆಯಲ್ಲೇ ಇಡೀ ರಾತ್ರಿ ಅಳೆದು ನೋಡಿದರೆ ಎಎಚ್‌ಐ 20ರ ಮೇಲೆ.

ನನ್ನ 3 ಬಂದದ್ದು ಆ ರಾತ್ರಿಯ ಒಂದು ತುಣುಕಿನಿಂದ. ಅಷ್ಟು ಹೊತ್ತೂ ಅವರು ಮಗ್ಗುಲಾಗಿ ಮಲಗಿದ್ದರು, ರೆಮ್ ನಿದ್ದೆ ಬಂದೇ ಇರಲಿಲ್ಲ. ಮನೆಯಲ್ಲಿ ಅವರು ಅಂಗಾತ ಮಲಗುವವರು. ಈಗ ಪ್ರತಿ ವೋಲ್ಟಿನ ಮುಂದೆ ಎಷ್ಟು ನಿಮಿಷ, ಯಾವ ಮಗ್ಗುಲು, ರೆಮ್ ಬಂತೇ ಇಲ್ಲವೇ ಎಂಬುದನ್ನೂ ಬರೆಯುತ್ತೇನೆ. ಒಂದೇ ಸೆಟ್ಟಿಂಗಿನಲ್ಲಿ ಇಡೀ ರಾತ್ರಿ ಅಳೆಯುವವರೆಗೆ ಯಾರಿಗೂ ಅಭಿನಂದನೆ ಹೇಳುವುದಿಲ್ಲ.

6. ಹೊಂದದವರನ್ನು ನಿಮ್ಮ ಹಟಕ್ಕೆ ಹಿಡಿದಿಟ್ಟುಕೊಳ್ಳಬೇಡಿ.

ಒಬ್ಬರಿಗೆ ಏನು ಮಾಡಿದರೂ ಆಗಲಿಲ್ಲ. ಜೋಡಣೆ ಬದಲಿಸಿದೆವು, ಪಲ್ಸಿನ ಅಗಲ ಬದಲಿಸಿದೆವು, ವೇಗ ಬದಲಿಸಿದೆವು. ಪ್ರತಿ ಸಲವೂ 'ಇನ್ನೊಂದು ಸಲ ನೋಡೋಣ' ಎಂದವಳು ನಾನೇ. ಅಷ್ಟರಲ್ಲಿ ತಿಂಗಳುಗಳು ಉರುಳಿದವು. ಅವರು ದಿನವೂ ಹೆದ್ದಾರಿಯಲ್ಲಿ ಕಾರು ಓಡಿಸುವವರು, ತೂಕಡಿಸುತ್ತಲೇ ಓಡಿಸುತ್ತಿದ್ದರು ಎಂಬುದು ನನಗೆ ಆಮೇಲೆ ಹೊಳೆಯಿತು. ಸಾಧನ ಕೂರಿಸುವ ಮೊದಲು ಅರಿವಳಿಕೆ ಕೊಟ್ಟು ಗಂಟಲಲ್ಲಿ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಯಿದೆ. ಮೃದು ಅಂಗುಳ ಸುತ್ತಲಿಂದಲೂ ಮುಚ್ಚಿಕೊಳ್ಳುವವರಿಗೆ ಈ ಸಾಧನ ಹೊಂದದು. ಇವರು ಆಗ ಪಾಸಾಗಿದ್ದವರು, ಆಮೇಲೆ ತೂಕ ಬಹಳ ಏರಿತ್ತು. ಪರೀಕ್ಷೆ ಮತ್ತೆ ಮಾಡಿದಾಗ ಅಂಗುಳದ ಚಿತ್ರವೇ ಬೇರೆಯಾಗಿತ್ತು.

ದಾರಿಗಳು ಇದ್ದವು. ಕಡಿಮೆ ಒತ್ತಡದ ಸಿಪ್ಯಾಪನ್ನು ಜೊತೆಗೆ ಬಳಸುವುದು, ಮಗ್ಗುಲಾಗಿ ಮಲಗುವ ಅಭ್ಯಾಸ, ತೂಕ ಇಳಿಸುವುದು. ಬೊಜ್ಜಿನ ಜೊತೆ ಆಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಔಷಧಿಗೆ 2024ರ ಡಿಸೆಂಬರಿನಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿದೆ. ಇವನ್ನೆಲ್ಲ ನಿರ್ಧರಿಸುವವರು ವೈದ್ಯರು. ಅವರ ಬಳಿಗೆ ಬೇಗ ಮರಳಿಸುವುದಷ್ಟೇ ನನ್ನ ಕೆಲಸವಾಗಿತ್ತು, ಅದನ್ನೇ ತಡಮಾಡಿದೆ.

ಈ ಸಾಧನ ಹಾಕಿಸಿಕೊಂಡವರಿಗೆ, ಹಾಕಿಸಿಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನದೊಂದು ಕೋರಿಕೆ. ಕ್ಲಿನಿಕ್ಕಿಗೆ ಬರುವಾಗ ನಿಮ್ಮ ಕೋಣೆಯಲ್ಲಿ ಮಲಗುವವರನ್ನು ಕರೆತನ್ನಿ. ತೊಂದರೆಯಾದರೆ ಯಂತ್ರ ಆರಿಸಿ ಸುಮ್ಮನಾಗಬೇಡಿ, ಮರುದಿನವೇ ಫೋನ್ ಮಾಡಿ ಬೈಯಿರಿ. ಪಕ್ಕದ ಮನೆಯವರದು ಎಷ್ಟು ವೋಲ್ಟ್ ಎಂದು ಹೋಲಿಸಬೇಡಿ. ಉಸಿರು ಕಟ್ಟದೆ, ಯಂತ್ರ ಆರಿಸದೆ, ಬೆಳಗಿನವರೆಗೆ ನೀವು ಮಲಗಬಲ್ಲ ಅತಿ ಕಡಿಮೆ ವೋಲ್ಟ್ ಯಾವುದೋ ಅದೇ ನಿಮಗೆ ಸರಿಯಾದ ವೋಲ್ಟ್.